ಶಸ್ತ್ರಚಿಕಿತ್ಸೆಗೆ ಮುನ್ನಿನ ಪಥ್ಯ: ಮನೆಮಂದಿಯೆಲ್ಲ ಹೊರಬೇಕಾದ ಹೊಣೆ

ಅತಿಸ್ಥೌಲ್ಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ನಮ್ಮ ಭಾಗದಲ್ಲಿಯೂ ಈಗ ಅಪರೂಪವಲ್ಲ. ಹಿಂದೆ ಮುಂಬಯಿ, ಬೆಂಗಳೂರುಗಳಿಗೆ ಹೋಗಬೇಕಾಗಿದ್ದ ಈ ಚಿಕಿತ್ಸೆಯು ಇಂದು ಹುಬ್ಬಳ್ಳಿ, ಬೆಳಗಾವಿಗಳಲ್ಲಿಯೂ ದೊರೆಯುತ್ತಿದೆ. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದ ಕೂಡಲೆ ಆಸ್ಪತ್ರೆಯವರು ರೋಗಿಯ ಕೈಗೆ ಒಂದು ಆಹಾರಪಟ್ಟಿಯನ್ನು ಕೊಡುತ್ತಾರೆ. ಸಾಮಾನ್ಯವಾಗಿ 2 ವಾರ, ಕೆಲವೊಮ್ಮೆ 4 ವಾರಗಳ ಕಾಲ ದಿನಕ್ಕೆ 800ರಿಂದ 1000 ಅಥವಾ 1200 ಕ್ಯಾಲೊರಿಯಷ್ಟೇ ಆಹಾರ. ಅನ್ನ, ಸಕ್ಕರೆ, ಬೆಲ್ಲ, ಎಣ್ಣೆ ಬಹುಮಟ್ಟಿಗೆ ವರ್ಜ್ಯ. ಪ್ರೋಟೀನು ಮಾತ್ರ ಯಥೇಷ್ಟ. ಆ ಪಟ್ಟಿಯನ್ನು ಹಿಡಿದುಕೊಂಡು ಹಲವರು ಆಯುರ್ವೇದ ವೈದ್ಯರ ಬಳಿಗೂ ಬರುತ್ತಾರೆ. ಅವರು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಹೆಂಗಿದ್ರೂ ಹೊಟ್ಟಿ ಕೊಯ್ದು ಸಣ್ಣದು ಮಾಡ್ತಾರ. ಮತ್ತ ಈ ಉಪವಾಸ ಯಾಕ್ರೀ?"

ಪ್ರಶ್ನೆ ಸಹಜವಾದುದೇ. ಇದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಪಥ್ಯವು ಶಿಕ್ಷೆಯಂತೆ ತೋರುತ್ತದೆ. ಶಿಕ್ಷೆಯನ್ನು ಯಾರೂ ಮನಸಾರೆ ಪಾಲಿಸುವುದಿಲ್ಲ. ಆದುದರಿಂದ ಮೊದಲು ಕಾರಣವನ್ನು ತಿಳಿಯೋಣ. ಆಮೇಲೆ ಈ ಎರಡು ವಾರಗಳನ್ನು ನಮ್ಮ ಅಡುಗೆಮನೆಯಲ್ಲಿ, ನಮ್ಮ ಹಬ್ಬ-ಜಾತ್ರೆಗಳ ನಡುವೆ, ಶಾಕಾಹಾರಿಗಳಾದ ನಾವು ಹೇಗೆ ದಾಟಬಹುದೆಂಬುದನ್ನು ವಿಚಾರಿಸೋಣ.

ಪಥ್ಯ ಯಕೃತ್ತಿಗಾಗಿ

ಎರಡು ವಾರದಲ್ಲಿ ಒಂದಷ್ಟು ಕಿಲೋ ತೂಕ ಇಳಿಯುವುದು ನಿಜ. ಆದರೆ ಪಥ್ಯದ ಮುಖ್ಯ ಉದ್ದೇಶ ಅದಲ್ಲ. ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು ಕುಗ್ಗಿಸುವುದು. ಆರೋಗ್ಯವಂತ ವಯಸ್ಕನ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ಎಡಭಾಗವು ಜಠರದ ಮೇಲ್ತುದಿಯ ಮೇಲೆ ಮುಚ್ಚಳದಂತೆ ಹರಡಿರುತ್ತದೆ. ಅತಿಸ್ಥೂಲರಲ್ಲಿ ಯಕೃತ್ತಿನೊಳಗೆ ಕೊಬ್ಬು ತುಂಬಿಕೊಂಡು ಅದು ದೊಡ್ಡದಾಗುತ್ತದೆ, ಭಾರವಾಗುತ್ತದೆ, ಮುಟ್ಟಿದರೆ ಹರಿಯುವಷ್ಟು ಮೆದುವಾಗುತ್ತದೆ.

ಈ ಶಸ್ತ್ರಚಿಕಿತ್ಸೆಯನ್ನು ಬಹುತೇಕ ದೂರದರ್ಶಕದ ಮೂಲಕ, ಹೊಟ್ಟೆಯ ಮೇಲೆ ನಾಲ್ಕೈದು ಚಿಕ್ಕ ರಂಧ್ರಗಳನ್ನು ಮಾಡಿ ನೆರವೇರಿಸುತ್ತಾರೆ. ಹೆಚ್ಚಾಗಿ ನಡೆಯುವ 'ಸ್ಲೀವ್' ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ತೆಗೆದುಹಾಕಿ, ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಉಳಿಸುತ್ತಾರೆ. 'ಬೈಪಾಸ್' ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವೊಂದನ್ನು ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಕೆಲಸ ನಡೆಯುವುದು ಯಕೃತ್ತಿನ ಆ ಎಡಭಾಗದ ಅಡಿಯಲ್ಲಿ. ವೈದ್ಯರು ಒಂದು ಉಪಕರಣದಿಂದ ಅದನ್ನು ಮೇಲಕ್ಕೆತ್ತಿ ಹಿಡಿಯಬೇಕು. ಅದು ದೊಡ್ಡದಾಗಿದ್ದರೆ ಜಠರವೇ ಕಾಣುವುದಿಲ್ಲ. ಎತ್ತುವಾಗ ಗಾಯವಾದರೆ ರಕ್ತಸ್ರಾವವಾಗುತ್ತದೆ. ಕೆಲವೊಮ್ಮೆ ಹೊಟ್ಟೆಯನ್ನು ದೊಡ್ಡದಾಗಿ ತೆರೆಯಬೇಕಾಗುತ್ತದೆ, ಇಲ್ಲವೆ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಿ ರೋಗಿಯನ್ನು ಹಿಂದಕ್ಕೆ ಕಳುಹಿಸಬೇಕಾಗುತ್ತದೆ.

ಅಲ್ಪ ಆಹಾರವು ಯಕೃತ್ತನ್ನು ಕುಗ್ಗಿಸುವುದು ಹೀಗೆ. ನಾವು ತಿಂದ ಪಿಷ್ಟಪದಾರ್ಥದ ಒಂದು ಪಾಲನ್ನು ಯಕೃತ್ತು 'ಗ್ಲೈಕೋಜನ್' ಎಂಬ ರೂಪದಲ್ಲಿ ಸಂಗ್ರಹಿಸಿಡುತ್ತದೆ. ಪ್ರತಿ ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಸಕ್ಕರೆ ನಿಂತಾಗ ಈ ಸಂಗ್ರಹವು ಮೊದಲು ಕರಗಿ, ನೀರೂ ಹೊರಟುಹೋಗುತ್ತದೆ. ಬಳಿಕ ಯಕೃತ್ತಿನಲ್ಲಿರುವ ಕೊಬ್ಬು ಕರಗತೊಡಗುತ್ತದೆ. ಈ ಕುಗ್ಗುವಿಕೆಯ ಬಹುಪಾಲು ಮೊದಲ 2 ವಾರಗಳಲ್ಲಿಯೇ ಆಗುತ್ತದೆ. ಆಸ್ಪತ್ರೆಗಳು 2 ವಾರದ ಅವಧಿಯನ್ನು ಆರಿಸಿಕೊಂಡಿರುವುದು ಇದರಿಂದಲೇ. ಇದೇ ಕಾರಣದಿಂದ ಕೊನೆಯ ಮೂರು ದಿನಗಳ ಮದುವೆಯೂಟವು ಹತ್ತು ದಿನಗಳ ಪಥ್ಯವನ್ನು ಬಹುಮಟ್ಟಿಗೆ ಅಳಿಸಿಬಿಡಬಲ್ಲದು. ಬರಿದಾದ ಸಂಗ್ರಹವನ್ನು ಯಕೃತ್ತು ಬೇಗನೆ ತುಂಬಿಕೊಳ್ಳುತ್ತದೆ.

ಈ ವಿಚಾರ ನಮಗೆ ಹೊಸದಲ್ಲ

ಸುಶ್ರುತಾಚಾರ್ಯರು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸಿದ್ದಾರೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವಾದ 'ಅಗ್ರೋಪಹರಣೀಯ'ವು ಶಸ್ತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ಆಗಬೇಕಾದ ಸಿದ್ಧತೆಗಳಿಗಾಗಿಯೇ ಮೀಸಲಾಗಿದೆ. ಸಾಮಾನ್ಯವಾಗಿ ರೋಗಿಗೆ ಲಘುವಾದ ಆಹಾರವನ್ನು ಕೊಟ್ಟು ಶಸ್ತ್ರಕರ್ಮ ಮಾಡಬೇಕೆಂದೂ, ಉದರರೋಗ, ಮೂಲವ್ಯಾಧಿ, ಅಶ್ಮರಿ, ಭಗಂದರ ಮುಂತಾದವುಗಳಲ್ಲಿ ಊಟ ಮಾಡಿಸದೆಯೇ ಮಾಡಬೇಕೆಂದೂ ಅಲ್ಲಿ ಹೇಳಿದೆ. ಶಸ್ತ್ರದ ಯಶಸ್ಸು ಶಸ್ತ್ರವೈದ್ಯನ ಕೈಚಳಕವೊಂದರಿಂದ ಆಗುವುದಿಲ್ಲ, ರೋಗಿಯ ಹೊಟ್ಟೆಯ ಸ್ಥಿತಿಯೂ ಅದಕ್ಕೆ ಕಾರಣವೆಂಬುದನ್ನು ಅವರು ಬಲ್ಲವರಾಗಿದ್ದರು.

ಚರಕಸಂಹಿತೆಯ 'ಅಷ್ಟೌನಿಂದಿತೀಯ' ಅಧ್ಯಾಯದಲ್ಲಿ ಅತಿಸ್ಥೂಲರ ಲಕ್ಷಣಗಳ ವಿವರವಿದೆ. ಆಯುಸ್ಸು ಕುಂದುವುದು, ಚಲನೆ ಮಂದವಾಗುವುದು, ದುರ್ಬಲತೆ, ಬೆವರಿನ ಬಾಧೆ ಇವುಗಳ ಜೊತೆಗೆ ಅತಿಯಾದ ಹಸಿವು ಮತ್ತು ಅತಿಯಾದ ಬಾಯಾರಿಕೆಯನ್ನೂ ಅಲ್ಲಿ ದೋಷಗಳಾಗಿ ಎಣಿಸಿದೆ. ಮೇದಸ್ಸು ಸ್ರೋತಸ್ಸುಗಳನ್ನು ತಡೆದಾಗ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಅಗ್ನಿಯನ್ನು ಉರಿಸುತ್ತದೆ; ಆದುದರಿಂದ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎಂಬುದು ಅಲ್ಲಿನ ವಿವರಣೆ. ತೃಪ್ತಿಯ ಸಂಕೇತವನ್ನು ಮಿದುಳಿಗೆ ಕೊಡಬೇಕಾದ 'ಲೆಪ್ಟಿನ್' ಎಂಬ ರಸಕ್ಕೆ ಸ್ಥೂಲರ ಶರೀರವು ಸರಿಯಾಗಿ ಸ್ಪಂದಿಸುವುದಿಲ್ಲವೆಂದು ಇಂದಿನ ವಿಜ್ಞಾನವೂ ಹೇಳುತ್ತದೆ.

ಇದರಿಂದ ಮನೆಯವರು ಅರಿಯಬೇಕಾದುದು ಇಷ್ಟು: ಸ್ಥೂಲನಾದವನ ಹಸಿವು ದುರಾಸೆಯಲ್ಲ, ಅದು ಅವನ ರೋಗದ ಒಂದು ಅಂಗ. "ಇಷ್ಟು ತಿಂದು ತಿಂದೇ ಹೀಗಾದೆ" ಎಂದು ಮೂದಲಿಸುವವರು ಕೆಮ್ಮುವ ರೋಗಿಯನ್ನು ಕೆಮ್ಮಿದನೆಂದು ಬಯ್ಯುವವರಂತೆ. ಮೂದಲಿಕೆಗೆ ಹೆದರಿದ ರೋಗಿಯು ಪಥ್ಯವನ್ನು ಪಾಲಿಸುವುದಿಲ್ಲ, ಮುಚ್ಚಿಟ್ಟುಕೊಂಡು ತಿನ್ನುತ್ತಾನೆ. ಶಸ್ತ್ರಚಿಕಿತ್ಸೆಗೆ ಮುನ್ನ ಅದಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ.

ಪರಿಚಾರಕನೆಂದರೆ ಯಾರು?

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಾಚಾರ್ಯರು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ನಮ್ಮ ಮನೆಗಳಲ್ಲಿ ಪರಿಚಾರಕರೆಂದರೆ ತಾಯಿ, ಹೆಂಡತಿ, ಸೊಸೆ, ಮಗಳು. ಒಲೆಯ ಮುಂದೆ ನಿಂತವರು. ಅವರಲ್ಲಿ ಅನುರಾಗಕ್ಕೆ ಎಂದೂ ಕೊರತೆಯಿಲ್ಲ. ಆದರೆ ಉಪಚಾರದ ತಿಳಿವಳಿಕೆ ಅದರ ಜೊತೆಗೂಡದಿದ್ದರೆ ಆ ಅನುರಾಗವೇ ಪಥ್ಯವನ್ನು ಕೆಡಿಸುತ್ತದೆ.

ನಮ್ಮಲ್ಲಿ ಪ್ರೀತಿಯನ್ನು ಬಾಯಿಂದ ಹೇಳುವ ರೂಢಿ ಕಡಿಮೆ, ಬಡಿಸಿ ತೋರಿಸುವ ರೂಢಿ ಹೆಚ್ಚು. ಮಗ ಎರಡು ದಿನ ರೊಟ್ಟಿಯನ್ನು ಮುಟ್ಟದಿದ್ದರೆ ತಾಯಿಗೆ ತುತ್ತು ಇಳಿಯುವುದಿಲ್ಲ. "ಒಂದು ಹೋಳಿಗಿ ತಿಂದ್ರ ಏನಾಗತೈತ್ರೀ ಡಾಕ್ಟರ್ರ?" ಎಂದು ಕಣ್ಣೀರು ತುಂಬಿಕೊಂಡು ಕೇಳಿದ ತಾಯಂದಿರು ಒಬ್ಬಿಬ್ಬರಲ್ಲ. ಅವರಿಗೆ ನಾನು ಹೇಳುವುದು ಇಷ್ಟೆ: "ಯವ್ವಾ, ಈ ಎರಡು ವಾರ ನೀವು ಬಡಿಸದೆ ಇರುವುದೇ ನಿಮ್ಮ ಮಗನಿಗೆ ನೀವು ಮಾಡುವ ಆರೈಕೆ." ಕಾರಣವನ್ನು ತಿಳಿಸಿ ಹೇಳಿದರೆ ಒಪ್ಪದ ತಾಯಿ ಇಲ್ಲ. ಆದುದರಿಂದ ಆಹಾರತಜ್ಞರ ಬಳಿಗೆ ಹೋಗುವಾಗ ರೋಗಿ ಒಬ್ಬನೇ ಹೋಗಬಾರದು. ಮನೆಯಲ್ಲಿ ಅಡುಗೆ ಮಾಡುವವರು ಜೊತೆಯಲ್ಲಿ ಹೋಗಿ ಪಟ್ಟಿಯನ್ನು ತಾವೇ ಕೇಳಿ ತಿಳಿದುಕೊಳ್ಳಬೇಕು. ಈ ಒಂದು ಹೆಜ್ಜೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಉಳಿದ ಅರ್ಧ ಮನೆಯ ವ್ಯವಸ್ಥೆ. ಕರಿದ ತಿಂಡಿ, ಚಕ್ಕುಲಿ, ಉಂಡೆ, ಬಿಸ್ಕತ್ತುಗಳ ಡಬ್ಬಿಗಳನ್ನು ಎರಡು ವಾರ ಕಣ್ಣಿಗೆ ಬೀಳದಂತೆ ಎತ್ತಿಡಬೇಕು. ಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಮಿರ್ಚಿ ಭಜಿ ಕರಿದು, ಒಬ್ಬನಿಗೆ ಮಾತ್ರ ಸೌತೆಕಾಯಿ ಹೆಚ್ಚಿಕೊಡುವುದು ಕ್ರೌರ್ಯ. ಮನೆಮಂದಿಯೆಲ್ಲರೂ ಒಂದು ಹೊತ್ತಾದರೂ ರೋಗಿಯ ಜೊತೆಗೆ ಅವನ ಊಟವನ್ನೇ ಉಂಡರೆ ಅವನಿಗೆ ಬರುವ ಬಲ ಯಾವ ಔಷಧದಿಂದಲೂ ಬರುವುದಿಲ್ಲ.

ತಟ್ಟೆಯಲ್ಲಿ ಏನಿರಬೇಕು?

ಆಸ್ಪತ್ರೆಯ ಆಹಾರತಜ್ಞರು ಕೊಟ್ಟ ಪಟ್ಟಿಯೇ ಪ್ರಮಾಣ. ಕೆಲವು ಆಸ್ಪತ್ರೆಗಳು ಪೂರ್ತಿ ದ್ರವಾಹಾರವನ್ನೇ ಹೇಳುತ್ತವೆ. ಹಾಗಿದ್ದರೆ ಹಾಗೆಯೇ ನಡೆಯಬೇಕು. ಮನೆಯ ಅಡುಗೆಗೆ ಅವಕಾಶವಿರುವಲ್ಲಿ ಪಟ್ಟಿಯನ್ನು ನಮ್ಮ ಪದಾರ್ಥಗಳಿಗೆ ಹೊಂದಿಸಿಕೊಳ್ಳಲು ಕೆಲವು ಲೆಕ್ಕಗಳು ತಿಳಿದಿರಬೇಕು.

ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ. ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ 45. ಎರಡು ದೊಡ್ಡ ಚಮಚ ಶೇಂಗಾ ಚಟ್ನಿಪುಡಿಯಲ್ಲಿ ನೂರಕ್ಕೂ ಹೆಚ್ಚು. ಅಂದರೆ ಎರಡು ರೊಟ್ಟಿ, ಮೇಲೆ ಶೇಂಗಾ ಚಟ್ನಿ ಮತ್ತು ಎಣ್ಣೆ ಹಾಕಿಕೊಂಡರೆ ದಿನದ ಪಾಲಿನ ಅರ್ಧ ಅಲ್ಲಿಯೇ ಮುಗಿಯಿತು. ಚಟ್ನಿಯು ಊಟವಲ್ಲ, ನಂಚಿಕೊಳ್ಳುವುದು ಎಂದು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಪಥ್ಯ ಸೋರಿಹೋಗುವ ಮೊದಲ ರಂಧ್ರ ಅದು. ಸಕ್ಕರೆ ಹಾಕಿದ ಚಹಾ ಎರಡನೆಯದು.

ಪ್ರೋಟೀನು ದಿನಕ್ಕೆ 60ರಿಂದ 80 ಗ್ರಾಂ ಬೇಕು. ಇಲ್ಲವಾದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿ ಶಸ್ತ್ರಚಿಕಿತ್ಸೆಯ ಬಳಿಕ ಗಾಯ ಮಾಯುವುದು ನಿಧಾನವಾಗುತ್ತದೆ. ಮೊಟ್ಟೆ, ಮಾಂಸವಿಲ್ಲದೆ ಇಷ್ಟು ಪ್ರೋಟೀನು ಸಾಧ್ಯವೆ ಎಂದು ಭಕ್ತರು ಕೇಳುತ್ತಾರೆ. ಸಾಧ್ಯ. ಎಣ್ಣೆ ತೆಗೆದ ಸೋಯಾ ಉಂಡೆಯ 30 ಗ್ರಾಂನಲ್ಲಿ ಸುಮಾರು 15 ಗ್ರಾಂ ಪ್ರೋಟೀನಿದೆ. ಕೆನೆ ತೆಗೆದ ಹಾಲಿನ 200 ಮಿಲಿಲೀಟರಿನಲ್ಲಿ 7 ಗ್ರಾಂ, 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂ. ಕೆನೆ ತೆಗೆದ ಹಾಲಿನಿಂದ ಮನೆಯಲ್ಲಿಯೇ ಒಡೆಸಿದ ಪನೀರು ಇನ್ನೊಂದು ಉತ್ತಮ ಆಕರ. ಇವಿಷ್ಟರಿಂದ ಸಾಲದೆ ಬಂದರೆ ಆಹಾರತಜ್ಞರು ಹೇಳಿದ ಪ್ರೋಟೀನು ಪುಡಿಯನ್ನು ಸೇರಿಸಿಕೊಳ್ಳಬಹುದು.

ಸುಮಾರು 1000 ಕ್ಯಾಲೊರಿಯ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 30 ಗ್ರಾಂ ಹೆಸರುಕಾಳನ್ನು ಮೊಳಕೆ ಬರಿಸಿ, ಬೇಯಿಸಿ, ಉಪ್ಪು, ನಿಂಬೆರಸ, ಕೊತ್ತಂಬರಿ ಸೇರಿಸಿದ್ದು ಹಾಗೂ ಒಂದು ಲೋಟ ಕೆನೆ ತೆಗೆದ ಹಾಲು, ಸಕ್ಕರೆಯಿಲ್ಲದೆ. ನಡುವೆ ಜೀರಿಗೆ, ಶುಂಠಿ ಹಾಕಿದ ತೆಳು ಮಜ್ಜಿಗೆ. ಮಧ್ಯಾಹ್ನ ಅರ್ಧ ರೊಟ್ಟಿ, ಒಂದೇ ಚಿಕ್ಕ ಚಮಚ ಎಣ್ಣೆಯಲ್ಲಿ ಮಾಡಿದ 30 ಗ್ರಾಂ ಸೋಯಾದ ಪಲ್ಯ, ತಟ್ಟೆಯ ಅರ್ಧದಷ್ಟು ಹೀರೇಕಾಯಿ, ಸೋರೇಕಾಯಿ, ಮೆಂತ್ಯಸೊಪ್ಪು, ಹಸಿ ಸೌತೆಕಾಯಿ, ಮೂಲಂಗಿ, ಮತ್ತೆ ಮಜ್ಜಿಗೆ. ಸಂಜೆ ಒಂದು ಲೋಟ ಹಾಲಿನಲ್ಲಿ ಕದಡಿದ ಪ್ರೋಟೀನು ಪುಡಿ. ರಾತ್ರಿ ಬೇಳೆಯ ತಿಳಿಸಾರು, 75 ಗ್ರಾಂ ಪನೀರು, ಬೇಯಿಸಿದ ತರಕಾರಿ. ಆಲೂಗಡ್ಡೆ, ಗೆಣಸು, ಬಾಳೆಹಣ್ಣು, ಮಾವು, ಸಪೋಟ, ದ್ರಾಕ್ಷಿ ಈ ಎರಡು ವಾರ ಬೇಡ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ವೈದ್ಯರು ನೀರನ್ನು ಮಿತಗೊಳಿಸಿರದಿದ್ದರೆ ದಿನಕ್ಕೆ 2 ಲೀಟರ್ ನೀರು ಕುಡಿಯಬೇಕು.

ಇಲ್ಲಿ ಎರಡು ಭ್ರಮೆಗಳನ್ನು ನಿವಾರಿಸುವುದು ಅಗತ್ಯ. ಮೊದಲನೆಯದು ಸಿರಿಧಾನ್ಯದ್ದು. ನವಣೆ, ಸಾಮೆ, ಹಾರಕ, ಜೋಳಗಳು ಸ್ಥೂಲರಿಗೆ ಹಿತವೆಂಬುದು ನಿಜ. ಇಂತಹ ತೃಣಧಾನ್ಯಗಳನ್ನು ಚರಕಸಂಹಿತೆಯೂ ಹೇಳಿದೆ. ಆದರೆ ಅದು ತಿಂಗಳು, ವರ್ಷಗಳ ಕಾಲ ನಡೆಯುವ ಚಿಕಿತ್ಸೆಯ ಮಾತು. ನವಣೆಯ ಅನ್ನವೂ ಪಿಷ್ಟವೇ. ಎರಡು ವಾರದಲ್ಲಿ ಯಕೃತ್ತಿನ ಸಂಗ್ರಹವನ್ನು ಬರಿದುಮಾಡಬೇಕಾದಾಗ "ಸಿರಿಧಾನ್ಯ ತಾನೆ" ಎಂದು ತಟ್ಟೆ ತುಂಬ ಉಂಡರೆ ಉದ್ದೇಶ ಕೆಡುತ್ತದೆ. ಜೇನುತುಪ್ಪ ಬೆರೆಸಿದ ನೀರಿಗೂ ಇದೇ ಮಾತು ಅನ್ವಯಿಸುತ್ತದೆ. ಸಕ್ಕರೆ ಕಾಯಿಲೆಯವರಿಗಂತೂ ಅದು ಬೇಡವೇ ಬೇಡ.

ಎರಡನೆಯದು ಉಪವಾಸದ ಭ್ರಮೆ. ಶಿವರಾತ್ರಿ, ಶ್ರಾವಣ ಸೋಮವಾರಗಳಂದು ಉಪವಾಸ ಮಾಡಿ ರೂಢಿಯಿದೆ, ಆದುದರಿಂದ ಇದೇನೂ ಕಷ್ಟವಲ್ಲ ಎಂದು ಕೆಲವರು ತಿಳಿಯುತ್ತಾರೆ. ಆದರೆ ನಮ್ಮ ಉಪವಾಸದ ದಿನ ತಟ್ಟೆಗೆ ಬರುವುದು ಸಾಬೂದಾಣಿ ಖಿಚಡಿ, ಶೇಂಗಾ ಉಂಡೆ, ಬಾಳೆಹಣ್ಣು. ಸಾಬೂದಾಣಿಯೆಂದರೆ ಶುದ್ಧ ಪಿಷ್ಟ. ಎಷ್ಟೋ ಮನೆಗಳಲ್ಲಿ ಉಪವಾಸದ ದಿನವೇ ಹೆಚ್ಚು ಕ್ಯಾಲೊರಿ ಹೊಟ್ಟೆಗೆ ಸೇರುತ್ತದೆ. ಇದಕ್ಕೆ ವಿರುದ್ಧವಾಗಿ, ಏನನ್ನೂ ತಿನ್ನದೆ ಬರೀ ನೀರು ಕುಡಿದಿರುವುದೂ ತಪ್ಪು. ಪ್ರೋಟೀನಿಲ್ಲದ ನಿರಾಹಾರವು ಬಲವನ್ನು ಕುಂದಿಸುತ್ತದೆ. ಲಂಘನವನ್ನು ರೋಗಿಯ ಬಲವನ್ನು ನೋಡಿಯೇ ಮಾಡಿಸಬೇಕು.

ಔಷಧಗಳ ವಿಷಯದಲ್ಲಿ ಎಚ್ಚರ

ಇದು ಈ ಲೇಖನದ ಅತಿ ಮುಖ್ಯವಾದ ಭಾಗ. ದಯವಿಟ್ಟು ಎರಡು ಸಲ ಓದಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪಥ್ಯದ ಮೊದಲ ದಿನವೇ ತಮ್ಮ ವೈದ್ಯರನ್ನು ಕಂಡು ಪ್ರಮಾಣವನ್ನು ಕಡಿಮೆ ಮಾಡಿಸಿಕೊಳ್ಳಬೇಕು. ಊಟ ಅರ್ಧವಾಗಿ ಔಷಧ ಮೊದಲಿನಷ್ಟೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತೊದಲುವುದು ಕಂಡುಬಂದರೆ, ಅಥವಾ ಸಕ್ಕರೆ 70ಕ್ಕಿಂತ ಕಡಿಮೆಯಾದರೆ, ಎಚ್ಚರವಿರುವ ರೋಗಿಗೆ ಕೂಡಲೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. "ಪಥ್ಯ ಮುರಿಯುತ್ತದೆ" ಎಂದು ಸಕ್ಕರೆ ಕೊಡಲು ಹಿಂಜರಿಯಬಾರದು. ಆ ಹೊತ್ತಿನಲ್ಲಿ ಸಕ್ಕರೆಯೇ ಔಷಧ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳ ಅಪಾಯ ಬೇರೆ ಬಗೆಯದು. ಪಿಷ್ಟ ಕಡಿಮೆಯಾದಾಗ ಇವು ರಕ್ತದಲ್ಲಿ ಆಮ್ಲೀಯ ಕೀಟೋನುಗಳನ್ನು ಹೆಚ್ಚಿಸಬಲ್ಲವು. ಆಗ ಸಕ್ಕರೆಯ ಅಂಕಿ ಸರಿಯಾಗಿಯೇ ಕಾಣಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಡಮಾಡಬಾರದು. ಇವುಗಳನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆಗಳು, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಮಾತ್ರೆಗಳು ಈ ಪಥ್ಯದಲ್ಲಿ ತಲೆಸುತ್ತು ತರಬಹುದು. ಯಾವುದನ್ನೂ ತಾವಾಗಿ ನಿಲ್ಲಿಸಬಾರದು, ತಾವಾಗಿ ಮುಂದುವರಿಸಲೂಬಾರದು.

ಇನ್ನು ನಮ್ಮ ಔಷಧಗಳ ಮಾತು. ಶಸ್ತ್ರಚಿಕಿತ್ಸೆ ನಿಗದಿಯಾದವರು ಬೇಗ ತೂಕ ಇಳಿಯಲೆಂದು ಕಷಾಯ, ಗುಗ್ಗುಳು, ಚೂರ್ಣಗಳನ್ನು ಕೇಳಿಕೊಂಡು ಬರುತ್ತಾರೆ. ಇಂತಹವರಿಗೆ ಔಷಧ ಕೊಡದಿರುವುದೇ ಆಯುರ್ವೇದ ವೈದ್ಯನ ಧರ್ಮ. ಔಷಧೀಯ ಪ್ರಮಾಣದಲ್ಲಿ ಸೇವಿಸಿದ ಬೆಳ್ಳುಳ್ಳಿ, ಶುಂಠಿ, ಅರಿಶಿನಗಳ ಸಾರಗಳು ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸಬಹುದು. ಅಡುಗೆಯಲ್ಲಿ ಬಳಸುವ ಪ್ರಮಾಣಕ್ಕೆ ಭಯವಿಲ್ಲ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ 2 ವಾರ ಮೊದಲೇ ಎಲ್ಲ ಮೂಲಿಕೆಗಳನ್ನು ನಿಲ್ಲಿಸುವುದು ಕ್ಷೇಮ. ಈ ಅವಧಿಯಲ್ಲಿ ವಿರೇಚನಾದಿ ಪಂಚಕರ್ಮಗಳನ್ನು ಮಾಡಿಸಿಕೊಂಡರೆ ದೇಹದ ನೀರು, ಲವಣಗಳು ಏರುಪೇರಾಗುತ್ತವೆ. ಈಗಾಗಲೆ ಸೇವಿಸುತ್ತಿರುವ ಪ್ರತಿಯೊಂದು ಔಷಧವನ್ನೂ, ಅದು ಅಜ್ಜಿ ಕೊಟ್ಟ ಪುಡಿಯೇ ಆಗಿರಲಿ, ಶಸ್ತ್ರವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ತಿಳಿಸಬೇಕು. ತಂಬಾಕು, ಗುಟಕಾ, ಮದ್ಯಗಳು ಪೂರ್ಣವಾಗಿ ನಿಲ್ಲಬೇಕು.

ಮೊದಲ ನಾಲ್ಕು ದಿನ

ಪಥ್ಯದ ಮೊದಲ ಮೂರು ನಾಲ್ಕು ದಿನಗಳು ಕಠಿಣ. ತಲೆನೋವು, ಆಯಾಸ, ಸಿಡುಕು, ಬಾಯಿಯಲ್ಲಿ ಒಂದು ಬಗೆಯ ವಾಸನೆ, ಮಲಬದ್ಧತೆ ಕಾಣಿಸಿಕೊಳ್ಳಬಹುದು. ಸಂಗ್ರಹ ಕರಗಿ ಕೊಬ್ಬು ಕರಗಲು ಆರಂಭವಾದುದರ ಸೂಚನೆಗಳಿವು. ನಾಲ್ಕೈದು ದಿನ ಕಳೆದ ಮೇಲೆ ಅನೇಕರಿಗೆ ಹಸಿವು ತಾನಾಗಿಯೇ ಹದಕ್ಕೆ ಬರುತ್ತದೆ. ಹಸಿವು ತಡೆಯಲಾರದಾದಾಗ ಒಂದು ಲೋಟ ಬಿಸಿ ತಿಳಿಸಾರು ಕುಡಿಯುವುದು, ಹತ್ತು ನಿಮಿಷ ಅಂಗಳದಲ್ಲಿ ಅಡ್ಡಾಡುವುದು, ಶಿವಯೋಗಕ್ಕೆ ಕುಳಿತುಕೊಳ್ಳುವುದು ಇವು ಪ್ರಯೋಜನಕಾರಿ. ಹಸಿವಿನ ತೀವ್ರತೆ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತನ್ನು ದಾಟಿಸಿದರೆ ಸಾಕು.

ಒಂದು ಹೊತ್ತು ಪಥ್ಯ ತಪ್ಪಿದರೆ ಮುಂದಿನ ಹೊತ್ತಿನಿಂದ ಮತ್ತೆ ಹಿಡಿಯಬೇಕು. ತಪ್ಪಿದ್ದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನ ಪೂರ್ತಿ ನಿರಾಹಾರವಿರುವುದಾಗಲಿ, ಹೇಗೂ ತಪ್ಪಿತೆಂದು ಬಿಟ್ಟುಬಿಡುವುದಾಗಲಿ ಸಲ್ಲದು. ಮುಖ್ಯವಾಗಿ, ನಡೆದುದನ್ನು ಆಸ್ಪತ್ರೆಯವರಿಗೆ ತಿಳಿಸಬೇಕು. ಉತ್ತಮ ರೋಗಿಯ ಗುಣಗಳಲ್ಲಿ ಹೇಳಿದಂತೆ ನಡೆಯುವುದನ್ನು ಎಣಿಸಿದ ಚರಕಾಚಾರ್ಯರು, ಅಳುಕದಿರುವುದನ್ನೂ, ತನ್ನ ಸ್ಥಿತಿಯನ್ನು ವೈದ್ಯನಿಗೆ ತಿಳಿಸುವುದನ್ನೂ ಜೊತೆಗೇ ಎಣಿಸಿದ್ದಾರೆ.

ನಲವತ್ತರ ಪ್ರಾಯದ ಶಿಕ್ಷಕರೊಬ್ಬರು ಹನ್ನೊಂದು ದಿನ ನಿಷ್ಠೆಯಿಂದ ಪಥ್ಯವಿದ್ದರು. ಕೊನೆಯ ಮೂರು ದಿನ ತಂಗಿಯ ಮಗಳ ಮದುವೆ. ಬೀಗರ ಒತ್ತಾಯಕ್ಕೆ ಮಣಿದು ಉಂಡರು. ನಾಚಿಕೆಯಿಂದ ಆಸ್ಪತ್ರೆಯಲ್ಲಿ ಹೇಳಲಿಲ್ಲ. ದೂರದರ್ಶಕ ಒಳಹೊಕ್ಕಾಗ ಯಕೃತ್ತು ಜಠರವನ್ನು ಮುಚ್ಚಿಕೊಂಡಿತ್ತು. ವೈದ್ಯರು ವಿವೇಕದಿಂದ ಅಲ್ಲಿಗೇ ನಿಲ್ಲಿಸಿ ರಂಧ್ರಗಳನ್ನು ಹೊಲಿದರು. ಅರಿವಳಿಕೆಯ ಅಪಾಯ, ಖರ್ಚು, ರಜೆ ಎಲ್ಲವೂ ವ್ಯರ್ಥವಾಗಿ ಮತ್ತೆ ಮೊದಲಿನಿಂದ ಪಥ್ಯ ಆರಂಭಿಸಬೇಕಾಯಿತು. ಮುಂಚೆಯೇ ಹೇಳಿದ್ದರೆ ದಿನವನ್ನು ಒಂದೆರಡು ವಾರ ಮುಂದಕ್ಕೆ ಹಾಕುತ್ತಿದ್ದರು, ಅಷ್ಟೆ. ಎರಡನೆಯ ಸಲ ಅವರ ಪತ್ನಿ ಎಲ್ಲ ಬೀಗರಿಗೂ ತಾವೇ ಫೋನು ಮಾಡಿ ತಿಳಿಸಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು.

ಹಬ್ಬ, ಜಾತ್ರೆ, ದಾಸೋಹ

ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವಾಗ ನಮ್ಮವರು ಪಂಚಾಂಗ ನೋಡುತ್ತಾರೆ. ನೋಡಲಿ, ಆದರೆ ಆ ದಿನಕ್ಕೆ ಹಿಂದಿನ ಎರಡು ವಾರಗಳಲ್ಲಿ ಮನೆಯಲ್ಲಿ ಮದುವೆ, ಸೀಮಂತ, ಊರಲ್ಲಿ ಜಾತ್ರೆ, ಬಸವ ಜಯಂತಿಯ ಪ್ರಸಾದ ಇವೆಯೇ ಎಂಬುದನ್ನೂ ನೋಡಲಿ. ಇದ್ದರೆ ಬೇರೆ ದಿನವನ್ನು ಕೇಳಲು ಸಂಕೋಚ ಬೇಡ. ತುರ್ತಿಲ್ಲದ ಈ ಚಿಕಿತ್ಸೆಗೆ ಹದಿನೈದು ದಿನಗಳ ವ್ಯತ್ಯಾಸ ದೊಡ್ಡದಲ್ಲ.

ತಪ್ಪಿಸಲಾಗದ ಸಮಾರಂಭವಾದರೆ ಮನೆಯಲ್ಲಿ ಪಥ್ಯದೂಟ ಮುಗಿಸಿಕೊಂಡೇ ಹೋಗಬೇಕು. "ಆಪರೇಷನ್ ಐತಿ, ಡಾಕ್ಟರು ಪಥ್ಯ ಹೇಳ್ಯಾರ" ಎಂಬ ಒಂದು ಮಾತು ಸಾಕು. ಯಾವ ಆಪರೇಷನ್ ಎಂಬ ವಿವರವನ್ನು ಎಲ್ಲರಿಗೂ ಕೊಡಬೇಕಾಗಿಲ್ಲ. ಒತ್ತಾಯ ಮಾಡುವ ಬೀಗರನ್ನು ತಡೆಯುವ ಹೊಣೆಯನ್ನು ಮನೆಯ ಹಿರಿಯರೊಬ್ಬರು ಹೊರಬೇಕು. ರೋಗಿಯೇ ಪ್ರತಿಯೊಬ್ಬರಿಗೂ ಬೇಡವೆನ್ನುತ್ತ ಕೂತರೆ ಹತ್ತನೆಯವರ ಹೊತ್ತಿಗೆ ಸೋತುಹೋಗುತ್ತಾನೆ.

ಮಠದ ಭಕ್ತರು ಕೇಳುವ ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯಿದೆ: ಪ್ರಸಾದವನ್ನು ಬೇಡವೆನ್ನುವುದು ಹೇಗೆ? ಬಡಿಸಿದ ಪ್ರಸಾದದಲ್ಲಿ ಒಂದು ಅಗುಳನ್ನೂ ಬಿಡಬಾರದೆಂಬುದು ನಮ್ಮ ಶಿಸ್ತು; ಆದುದರಿಂದ ಮಾದಲಿ, ಪಾಯಸ ತಟ್ಟೆಗೆ ಬಿದ್ದ ಮೇಲೆ ಉಣ್ಣಲೇಬೇಕಾಗುತ್ತದೆ. ಆದರೆ ಬಿಡಬಾರದೆಂಬ ಶಿಸ್ತಿನಲ್ಲಿಯೇ ಬೇಕಾದಷ್ಟನ್ನು ಮಾತ್ರ ನೀಡಿಸಿಕೊಳ್ಳಬೇಕೆಂಬ ಶಿಸ್ತೂ ಅಡಗಿದೆ. ಪದಾರ್ಥವು ಲಿಂಗಾರ್ಪಿತವಾಗಿ ಪ್ರಸಾದವಾಗುತ್ತದೆಯೇ ಹೊರತು ಪ್ರಮಾಣದಿಂದಲ್ಲ. ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಮನೆಯಲ್ಲಿ ಅರ್ಪಿಸಿಕೊಂಡ ಒಂದು ಬಟ್ಟಲು ಹೆಸರುಕಾಳೂ, ಒಂದು ಲೋಟ ಮಜ್ಜಿಗೆಯೂ ಪರಿಪೂರ್ಣ ಪ್ರಸಾದವೇ. ಪಂಕ್ತಿಯಲ್ಲಿ ಕುಳಿತು ಮಜ್ಜಿಗೆ, ಕೋಸಂಬರಿಗಳನ್ನಷ್ಟೇ ಸ್ವೀಕರಿಸಿದರೆ ಭಕ್ತಿಗೆ ಲೋಪವಿಲ್ಲ. ದಾಸೋಹದಲ್ಲಿ ಬಡಿಸುವ ಸೇವೆ ಮಾಡುವವರೂ "ಸಾಕು" ಎಂದವರಿಗೆ ಇನ್ನೊಂದು ಸೌಟು ಹಾಕದಿರುವುದನ್ನು ಸೇವೆಯ ಭಾಗವೆಂದೇ ತಿಳಿಯಬೇಕು.

ಇದು ಮುಂದಿನ ಬದುಕಿನ ಅಭ್ಯಾಸ

ಶಸ್ತ್ರಚಿಕಿತ್ಸೆ ಎಲ್ಲರಿಗೂ ಅಲ್ಲ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿಗೆ ದೇಹತೂಕ ಸೂಚ್ಯಂಕವೆಂದು ಹೆಸರು. 1.60 ಮೀಟರ್ ಎತ್ತರ, 96 ಕಿಲೋ ತೂಕದವರ ಸೂಚ್ಯಂಕ 37.5. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1991ರಲ್ಲಿ ಹಾಕಿಕೊಟ್ಟ ಮಿತಿ 40, ಜೊತೆಗೆ ಗಂಭೀರ ಕಾಯಿಲೆಗಳಿದ್ದರೆ 35. 2022ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಗಳು ಅದನ್ನು ಇಳಿಸಿ, ಏಷ್ಯಾದವರಲ್ಲಿ 27.5ರಿಂದಲೇ ಪರಿಗಣಿಸಬಹುದೆಂದಿವೆ. ಕಡಿಮೆ ಸೂಚ್ಯಂಕದಲ್ಲಿಯೇ ನಮ್ಮವರಿಗೆ ಸಕ್ಕರೆ ಕಾಯಿಲೆ ಬರುತ್ತದೆಂಬುದು ಅದರ ಕಾರಣ. ಯಾರಿಗೆ ಬೇಕು, ಯಾರಿಗೆ ಬೇಡವೆಂಬುದನ್ನು ತಜ್ಞರೇ ನಿರ್ಧರಿಸಬೇಕು.

ಆದರೆ ಮಾಡಿಸಿಕೊಳ್ಳಲು ನಿರ್ಧರಿಸಿದವರು ಒಂದನ್ನು ನೆನಪಿಡಲಿ. ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ದ್ರವಾಹಾರ, ಬಳಿಕ ಮೆದು ಆಹಾರ, ಆಮೇಲೆ ಬದುಕಿರುವಷ್ಟು ಕಾಲ ಅಲ್ಪಾಹಾರ, ಪ್ರೋಟೀನಿಗೆ ಮೊದಲ ಸ್ಥಾನ, ಜೀವಸತ್ವದ ಮಾತ್ರೆಗಳು. ಚಿಕ್ಕ ತುತ್ತು, ನಿಧಾನವಾಗಿ ಅಗಿಯುವುದು, ಊಟದ ಜೊತೆಗೆ ನೀರು ಕುಡಿಯದಿರುವುದು ಎಲ್ಲವನ್ನೂ ಕಲಿಯಬೇಕು. ಮುಂಚಿನ ಎರಡು ವಾರಗಳಲ್ಲಿಯೇ ಇವನ್ನು ಆರಂಭಿಸಿದರೆ ಮನೆಯ ಅಡುಗೆಯೂ, ರೋಗಿಯ ನಾಲಗೆಯೂ ಒಟ್ಟಿಗೇ ಪಳಗುತ್ತವೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಎಷ್ಟು ಗಂಟೆಗೆ ಘನಾಹಾರ ನಿಲ್ಲಿಸಬೇಕು, ನೀರನ್ನು ಎಲ್ಲಿಯವರೆಗೆ ಕುಡಿಯಬಹುದು ಎಂಬುದನ್ನು ಅರಿವಳಿಕೆ ವೈದ್ಯರಿಂದ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಅದರ ಪಕ್ಕದಲ್ಲಿ ಆಹಾರತಜ್ಞರ ದೂರವಾಣಿ ಸಂಖ್ಯೆಯೂ, ಬದಲಾಯಿಸಿದ ಔಷಧಗಳ ಪಟ್ಟಿಯೂ ಇರಲಿ. ಮನೆಯವರೆಲ್ಲರೂ ಅದನ್ನು ದಿನಕ್ಕೊಮ್ಮೆ ಓದಲಿ.